ನಾಳೆಗೊಂದು ಗಂಟು

ಗುರುವಾರ, ಮಧ್ಯಾಹ್ನ

ಅಕ್ಕಾ,

ಈ ಕಾಗದವನ್ನು ನೀನು ಒಬ್ಬಳೇ ಇರುವಾಗ ಓದು. ಭಾವ ಒಳ್ಳೆಯವರೇ. ಆದರೆ ಅವರು ಫೋನನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಟ್ಟ ಕೂಡಲೇ ನಿನ್ನ ಅತ್ತೆಯ ಕೆಮ್ಮು ಕೇಳಿಸುತ್ತದೆ, ನಾನು ಬರೀ ಹೂಂ, ಹೂಂ ಅನ್ನತೊಡಗುತ್ತೇನೆ. ಮೊನ್ನೆಯೂ ಹಾಗೇ ಆಯಿತು. ನೀನು "ಯಾಕೇ ಮೂಗಿ, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು.

ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಇವತ್ತು ಅಂಗಡಿಯಿಂದ ಅರ್ಧ ದಿನಕ್ಕೇ ಬಂದು, ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗಲೆಂದು ಬೆನ್ನ ಮೇಲೆ ಬಿಟ್ಟುಕೊಂಡು ಬರೆಯಲು ಕೂತಿದ್ದೇನೆ. ನಮ್ಮ ಬೆಕ್ಕು ದೊರೆ ಎದುರಿಗೆ, ಮುಂಬಾಗಿಲ ಹತ್ತಿರ ಕೂತಿದ್ದಾನೆ.

ಭಾನುವಾರ ನೀನು ಗಾಡಿ ತರುತ್ತೀಯ. ನನ್ನ ಬಟ್ಟೆಬರೆ ತುಂಬಿಕೊಂಡು, ಮನೆಯ ಬೀಗದಕೈಯನ್ನು ಮಾಲೀಕರಿಗೆ ಕೊಟ್ಟು, ದಾರಿಯಲ್ಲಿ ಪ್ರಾಣಿ ಡಾಕ್ಟರ ಹತ್ತಿರ ನಿಲ್ಲಿಸಿ ದೊರೆಯ ಕೂದಲನ್ನೆಲ್ಲ ಬೋಳಿಸಿ, ಅವನನ್ನು ನೂಲಿನ ಅಂಗಡಿಯ ಗೋಡೌನಿನಲ್ಲಿ ಇಲಿ ಹಿಡಿಯಲು ಬಿಟ್ಟು, ನಾನು ನಿನ್ನ ಜೊತೆ ಬರಬೇಕು. ಇದು ನಾವು ಮಾಡಿಕೊಂಡ ಮಾತು. ಅಂಗಡಿ ಯಜಮಾನರು ಒಪ್ಪಿದ್ದಾರೆ. ದೊರೆ ಜನ್ಮದಲ್ಲಿ ಒಂದು ಇಲಿ ಹಿಡಿದವನಲ್ಲ ಎಂದು ನಾನು ಅವರಿಗೆ ಹೇಳಿಲ್ಲ. ಒಮ್ಮೆ ಇಲಿಯೇ ಬಂದು ಇವನ ಬಟ್ಟಲಲ್ಲಿ ತಿಂದು ಹೋಗಿತ್ತು. ಇವನು ಪಕ್ಕದಲ್ಲಿ ಕೂತು, ಮದುವೆ ಮನೆಯಲ್ಲಿ ಬಡಿಸುವವರ ಹಾಗೆ ನೋಡುತ್ತಿದ್ದ.

ಮೊನ್ನೆ ಫೋನಿನಲ್ಲಿ ನೀನು ಅವನ ಸಿಕ್ಕಿನ ವಿಷಯ ಕೇಳಿದೆ. ನಾನು ಎಲ್ಲಾ ಬಿಟ್ಟಿದೆ ಅಂದೆ. ಯಾರು ಬಿಡಿಸಿದರು ಅಂದದ್ದಕ್ಕೆ ಮೇಲ್ಮನೆ ಆಂಟಿ ಅಂದೆ. ಅದು ಸುಳ್ಳು ಅಕ್ಕ. ಮೇಲ್ಮನೆ ಆಂಟಿ ಬೆಕ್ಕು ಕಂಡರೆ ಮೆಟ್ಟಿಲ ಮೇಲೆ ಕಾಲಿಡುವುದಿಲ್ಲ. ಆಮೇಲೆ "ಅಷ್ಟು ಸಿಕ್ಕು ಬಿಡಿಸೋಕೆ ಅವರೇನು ಜಾದೂ ಮಾಡಿದ್ರಾ?" ಅಂದೆಯಲ್ಲ, ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ದೊರೆ ನಮ್ಮ ಮನೆಗೆ ಬಂದದ್ದು ನಿನ್ನ ಮದುವೆಯಾದ ಮೇಲೆ. ಅದಕ್ಕೇ ಅಮ್ಮ ಅವನನ್ನು ಬಾಚುವುದನ್ನು ನೀನು ಕಂಡಿಲ್ಲ. ಅದನ್ನು ಹೇಳದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ಅಂಗಡಿಯಿಂದ ಬಂದು ಊಟ ಮುಗಿಸಿದ ಮೇಲೆ ಅಮ್ಮ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬಿಸಿಲು ಬೀಳುವ ಕಡೆ, ಕಾಲು ಚಾಚಿ ಕೂರುತ್ತಿದ್ದಳು. ದೊರೆ ಕರೆಯದೇ ಬಂದು ತೊಡೆ ಏರುತ್ತಿದ್ದ. "ಬಂತಪ್ಪ ಸವಾರಿ" ಅನ್ನುತ್ತಿದ್ದಳು. ಅವನ ಉದ್ದ ಕೂದಲನ್ನು ಮೇಲೆ ಮೇಲೆ ಬಾಚಿದರೆ ಮೇಲೆ ನುಣುಪಾಗಿ ಕಾಣುತ್ತದೆ, ಒಳಗೆ ಕಂಬಳಿಯ ಹಾಗೆ ಗಟ್ಟಿಯಾಗಿರುತ್ತದೆ. ಅದಕ್ಕೇ ಅಮ್ಮ ಬಟ್ಟೆ ಮಡಿಸಿದಂತೆ ಕೂದಲನ್ನು ಒಂದು ಪಕ್ಕಕ್ಕೆ ಮಡಿಸಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಒಂದೊಂದೇ ಸಾಲು ಬಾಚುತ್ತಿದ್ದಳು. ಗಂಟು ಸಿಕ್ಕರೆ ಬುಡವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಬಿಡಿಸುತ್ತ ಬುಡಕ್ಕೆ ಬರುತ್ತಿದ್ದಳು. ಅಂಗಡಿಯಲ್ಲಿ ಸಿಕ್ಕಾದ ನೂಲಿನ ಲಡಿಗಳನ್ನು ಬಿಡಿಸುವುದೇ ಅವಳ ಕೆಲಸವಾಗಿತ್ತಲ್ಲ, ನೂಲಿಗೂ ಬೆಕ್ಕಿಗೂ ಒಂದೇ ಬೆರಳು. ಕತ್ತರಿ ಮಾತ್ರ ಮುಟ್ಟಬಾರದು. ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತದೆ, ಗೊತ್ತಾಗುವುದಿಲ್ಲ. ಕುತ್ತಿಗೆ, ಬೆನ್ನು, ಬಾಲ, ಆಮೇಲೆ ಹಿಂಗಾಲಿನ ಜೊಂಪೆ. ಅದಕ್ಕೆ ಅಮ್ಮ ಪೈಜಾಮ ಅನ್ನುತ್ತಿದ್ದಳು. ಕಂಕುಳು ಮತ್ತು ಹೊಟ್ಟೆ ಕೊನೆಗೆ. ಅವನು ಒದ್ದಾಡಿದರೆ "ಅಲ್ಲಾಡ್ಬೇಡ್ವೋ, ಇನ್ನೊಂದೇ, ಇನ್ನೊಂದೇ" ಅನ್ನುತ್ತಿದ್ದಳು. ಆ ಇನ್ನೊಂದು ಮುಗಿಯುತ್ತಲೇ ಇರಲಿಲ್ಲ.

ಅವನದಾದ ಮೇಲೆ ನನ್ನ ಸರದಿ. ಬಾಚಣಿಗೆಯನ್ನು ಬಿಸಿನೀರಲ್ಲಿ ತೊಳೆದು ನನ್ನ ತಲೆ ಬಾಚುತ್ತಿದ್ದಳು. ಎರಡಕ್ಕೂ ಅದೇ ಬಾಚಣಿಗೆಯಾ ಎಂದು ನೀನು ಛೀ ಅನ್ನುತ್ತೀಯ. ಹೌದು, ಅದೇ. ನಿನಗೆ ಹಲ್ಲು ಬರುವಾಗ ನೀನು ಕಚ್ಚಿ, ಅದರ ಒಂದು ಹಲ್ಲು ಮುರಿದ ಮರದ ಬಾಚಣಿಗೆ. ಅದರಲ್ಲಿ ಬಾಚಿದರೆ ಆ ಮುರಿದ ಜಾಗದಲ್ಲಿ ಕೂದಲು ಒಂದು ಸಣ್ಣ ಏಣಿನ ಹಾಗೆ ಎದ್ದು ನಿಲ್ಲುತ್ತಿತ್ತು. ಸ್ಕೂಲಿನಲ್ಲಿ ನಮ್ಮಿಬ್ಬರ ತಲೆಯಲ್ಲೂ ಆ ಗೆರೆ ಇರುತ್ತಿತ್ತು, ನೆನಪಿದೆಯಾ? ಬಾಚಿಸಿಕೊಳ್ಳುವಾಗ ನಿದ್ದೆ ಬರುತ್ತಿತ್ತು. ನೀನು ಒಮ್ಮೆ ಕೂತಲ್ಲೇ ಮುಂದಕ್ಕೆ ಬಿದ್ದು ಹಣೆ ಒಡೆದುಕೊಂಡಿದ್ದೆ.

ಇನ್ನೊಂದು ವಿಷಯ. ಅಮ್ಮ ದೊರೆಯನ್ನು ಯಾವತ್ತೂ ಪೂರ್ತಿ ಬಾಚಿ ಮುಗಿಸುತ್ತಿರಲಿಲ್ಲ. ಎಡಗಿವಿಯ ಹಿಂದೆ ಒಂದು ಸಣ್ಣ ಗಂಟು ಉಳಿಸಿಯೇ ಅವನನ್ನು ಕೆಳಗಿಳಿಸುತ್ತಿದ್ದಳು. ಅದನ್ನೂ ತೆಗೆಯಮ್ಮ ಅಂದರೆ "ಅದು ನಾಳೆಗಿರ್ಲಿ ಬಿಡೇ. ಎಲ್ಲಾ ಮುಗಿದುಹೋದ್ರೆ ನಾಳೆ ಯಾಕೆ ಬರ್ತಾನೆ ನನ್ನ ಹತ್ರ?" ಅನ್ನುತ್ತಿದ್ದಳು. ಮರುದಿನ ಮೊದಲು ಆ ಗಂಟು ಬಿಡಿಸುವುದು, ಕೊನೆಗೆ ಅಲ್ಲೇ ಇನ್ನೊಂದನ್ನು ಬೆರಳಲ್ಲಿ ಹೊಸೆದು ಬಿಡುವುದು. ತಮಾಷೆ ಎಂದುಕೊಂಡಿದ್ದೆ.

ಅಮ್ಮ ಹೋದ ದಿನ ಆ ಬಾಚಣಿಗೆಯನ್ನು ನೀನೇ ಅವಳ ಕೈಯ ಕೆಳಗೆ ಇಟ್ಟೆ. ನಾನು ನೋಡಿದೆ. ಅವಳ ಜೊತೆಗೇ ಹೋಯಿತು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಆಮೇಲೆ ದೊರೆ ಯಾರಿಗೂ ಮೈ ಕೊಡಲಿಲ್ಲ. ನಾನು ಪ್ಲಾಸ್ಟಿಕ್ ಬಾಚಣಿಗೆ ಹಿಡಿದು ಹೋದರೆ ಮಂಚದ ಕೆಳಗೆ ಸೇರುತ್ತಿದ್ದ. ಕಂಕುಳು ಕಟ್ಟಿಕೊಂಡು ನಡಿಗೆಯೇ ವಕ್ರವಾಯಿತು. ಪೈಜಾಮ ಕಾಲೊರಸಿನ ಹಾಗೆ ಗಟ್ಟಿಯಾಯಿತು. ಕಳೆದ ಸಲ ನೀನು ಬಂದಾಗ ನೋಡಿದ್ದು ಅದನ್ನೇ. ನೀನು ಬೋಳಿಸಬೇಕು ಅಂದದ್ದು ತಪ್ಪಲ್ಲ. ನೀನು ಹೋದ ಮೇಲೆ ನಾನೂ ಕೊನೆಗೆ ಕತ್ತರಿ ತೆಗೆದುಕೊಂಡೆ. ಅವನನ್ನು ಟವೆಲಿನಲ್ಲಿ ಸುತ್ತಿ ಹಿಡಿದು, ಕತ್ತರಿ ಬಾಯಿ ತೆರೆದೆ. ಅವನು ನನ್ನನ್ನು ನೋಡಲಿಲ್ಲ. ನನ್ನ ಭುಜದ ಮೇಲಿಂದ ಹಿಂದೆ ನೋಡಿದ. ನಾನೂ ತಿರುಗಿದೆ. ಕಿಟಕಿಯ ಬಿಸಿಲು ಬಿಟ್ಟರೆ ಏನೂ ಇಲ್ಲ. ಮತ್ತೆ ಈ ಕಡೆ ತಿರುಗುವಾಗ ಕತ್ತರಿ ಕೈಯಲ್ಲಿ ಇರಲಿಲ್ಲ. ಅದು ಹೊಲಿಗೆ ಡಬ್ಬಿಯ ಒಳಗೆ ಇತ್ತು, ಡಬ್ಬಿಯ ಮುಚ್ಚಳ ಹಾಕಿತ್ತು. ನಾನೇ ಇಟ್ಟು ಮರೆತೆ ಎಂದುಕೊಂಡೆ. ಅಮ್ಮ ಹೋದಾಗಿನಿಂದ ನಾನು ಮರೆಯುವುದು ಜಾಸ್ತಿಯಾಗಿದೆ ಎಂದು ನೀನೇ ಹೇಳಿದ್ದೀಯಲ್ಲ.

ಮರುದಿನ ಅಂಗಡಿಯಿಂದ ಬಂದಾಗ ದೊರೆ ಹಿಂದಿನ ಕೋಣೆಯ ಬಿಸಿಲಲ್ಲಿ ಮಲಗಿದ್ದ. ಅವನ ಕುತ್ತಿಗೆಯ ಸುತ್ತ ಕೂದಲು ಹೊಸ ಹತ್ತಿಯ ಹಾಗೆ ಅರಳಿತ್ತು. ಅಷ್ಟೇ ಜಾಗ. ಉಳಿದ ಮೈ ಹಾಗೇ ಇತ್ತು. ಮುಂಬಾಗಿಲಿಗೆ ನಾನು ಹಾಕಿದ ಬೀಗ ಇತ್ತು, ಕಿಟಕಿಗೆ ಒಳಗಿನಿಂದ ಚಿಲಕ. ಹತ್ತಿರ ಕೂತು ನೋಡಿದೆ. ಕುತ್ತಿಗೆಯ ಕೂದಲಿನ ನಡುವೆ ಒಂದು ಸಣ್ಣ ಏಣು.

ಕಿಟಕಿಯ ಹಲಗೆಯ ಮೇಲೆ ಬಾಚಿ ತೆಗೆದ ಕೂದಲಿನ ಉಂಡೆ ಇತ್ತು. ಅಮ್ಮ ಅಂಗೈಯಲ್ಲಿ ಹೊಸೆದು ಇಡುತ್ತಿದ್ದ ಹಾಗೇ, ನೂಲಿನ ಉಂಡೆಯಷ್ಟು ಬಿಗಿ. ಮುಟ್ಟಿದೆ. ಬೆಚ್ಚಗಿತ್ತು. ಬಿಸಿಲಿಗೆ ಇರಬೇಕು ಎಂದು ನನಗೇ ಹೇಳಿಕೊಂಡೆ. ಆದರೆ ಬಿಸಿಲು ಆಗಲೇ ಹಲಗೆಯಿಂದ ಇಳಿದು ನೆಲಕ್ಕೆ ಹೋಗಿತ್ತು.

ಹೀಗೇ ದಿನಕ್ಕೆ ಒಂದಿಷ್ಟು ನಡೆಯಿತು. ಒಂದು ದಿನ ಬೆನ್ನು, ಒಂದು ದಿನ ಬಾಲ, ಆಮೇಲೆ ಪೈಜಾಮ. ಅಮ್ಮನ ಕ್ರಮ ಹೇಗಿತ್ತೋ ಹಾಗೇ. ಕಾರ್ನ್‌ಫ್ಲೋರ್ ಡಬ್ಬಿ ನಾನು ತೆರೆಯದಿದ್ದರೂ ಕಡಿಮೆಯಾಗುತ್ತಿತ್ತು. ನೆಲದ ಮೇಲೆ ಬಿಳಿ ಪುಡಿ ಉದುರಿರುತ್ತಿತ್ತು, ಅದರ ನಡುವೆ ಯಾರೋ ಕಾಲು ಚಾಚಿ ಕೂತರೆ ಎಷ್ಟು ಜಾಗ ಬೇಕೋ ಅಷ್ಟು ಜಾಗ ಮಾತ್ರ ಚೊಕ್ಕಟವಾಗಿರುತ್ತಿತ್ತು. ನಾನು ಗುಡಿಸಿದೆ. ಯಾರಿಗೂ ಹೇಳಲಿಲ್ಲ. ಹೆದರಿಕೆ ಆಗಲಿಲ್ಲವಾ ಅಂತ ನೀನು ಕೇಳುತ್ತೀಯ. ಆಯಿತು. ಆದರೂ ಅಂಗಡಿಯಲ್ಲಿ ಲಡಿ ಬಿಡಿಸುತ್ತ ಕೂತಾಗ ಮನೆಗೆ ಹೋಗುವ ಹೊತ್ತು ಯಾವಾಗ ಆಗುತ್ತದೋ ಎಂದು ಕಾಯುತ್ತಿದ್ದೆ.

ಒಂದು ದಿನ ಮೇಲ್ಮನೆ ಆಂಟಿ ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡರು. "ಏನೇ ಹುಡುಗಿ, ಅಕ್ಕ ಬಂದಿದ್ರೆ ಒಂದು ಮಾತು ಹೇಳ್ಬಾರ್ದಾ? ನಾನೇನು ಅವಳನ್ನ ತಿಂದುಬಿಡ್ತೀನಾ?" ಅಂದರು. ಅಕ್ಕ ಬಂದಿಲ್ಲ ಅಂದೆ. "ಮತ್ತೆ ಮಧ್ಯಾಹ್ನ ನಿಮ್ಮನೇಲಿ ಯಾರು ಮಗುನ ಸುಮ್ಮನಿರಿಸ್ತಿದ್ರು? ಅಲ್ಲಾಡ್ಬೇಡ, ಇನ್ನೊಂದೇ ಅಂತ ಒಂದೇ ಸಮನೆ. ನಮ್ಮ ಬಟ್ಟೆ ಒಣಗೋ ತನಕ ಕೇಳಿಸ್ತಪ್ಪ" ಅಂದರು. ರೇಡಿಯೋ ಅಂದೆ. ಅವರು ನನ್ನ ಮುಖ ನೋಡಿ, "ರೇಡಿಯೋಗೂ ನಿಮ್ಮಮ್ಮನ ದನಿ ಬಂತಾ?" ಅಂದು ನಕ್ಕರು. ನಕ್ಕ ಮೇಲೆ ಅವರ ನಗು ಅವರಿಗೇ ಇಷ್ಟವಾಗಲಿಲ್ಲ. ಅವತ್ತಿನಿಂದ ಅವರು ನಮ್ಮ ಬಾಗಿಲ ಮುಂದೆ ಬೇಗ ಬೇಗ ಹತ್ತಿ ಹೋಗುತ್ತಾರೆ.

ಮೊನ್ನೆ ಮಧ್ಯಾಹ್ನ ನಾನು ಅಂಗಡಿಗೆ ಹೋಗುತ್ತೇನೆ ಎಂದು ಹೊರಟು, ಬೀಗವನ್ನೂ ಸದ್ದು ಮಾಡಿ ಹಾಕಿ, ಸ್ವಲ್ಪ ಹೊತ್ತು ಬೀದಿಯಲ್ಲಿದ್ದು ಬಂದೆ. ಚಪ್ಪಲಿ ಕೈಯಲ್ಲಿ ಹಿಡಿದು ಮೆತ್ತಗೆ ಒಳಗೆ ಬಂದು, ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ನೋಡಿದೆ.

ಅಕ್ಕ, ದೊರೆ ನೆಲದ ಮೇಲೆ ಇರಲಿಲ್ಲ. ನೆಲಕ್ಕೂ ಅವನಿಗೂ ನಡುವೆ ಒಂದು ತೊಡೆಯ ಎತ್ತರ ಇತ್ತು. ಅವನು ಹೊಟ್ಟೆ ಮೇಲೆ ಮಾಡಿ, ಕಾಲು ಸಡಿಲ ಬಿಟ್ಟು, ಖಾಲಿ ಬಿಸಿಲಿನ ಮೇಲೆ ಮಲಗಿದ್ದ. ಅವನ ಗದ್ದವನ್ನು ಏನೋ ಮೆಲ್ಲಗೆ ಎತ್ತಿ ಹಿಡಿದಿತ್ತು. ಕಂಕುಳಿನ ಕೂದಲು ತಾನಾಗಿ ಎರಡು ಭಾಗವಾಯಿತು, ಚರ್ಮ ಕಂಡಿತು, ಒಂದು ಸಾಲು ಮಲಗಿತು, ಇನ್ನೊಂದು ಸಾಲು ಎದ್ದಿತು. ಮರದ ಹಲ್ಲು ಕೂದಲಲ್ಲಿ ಹೋಗುವ ಆ ಸರ್ ಸರ್ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ದೊರೆ ಗುರುಗುಟ್ಟುತ್ತಿದ್ದ, ಸುಖಕ್ಕೆ. ನನಗೆ ಕೂಗಬೇಕು ಅನ್ನಿಸಿತು. ಆದರೆ ಅಮ್ಮ ಇದ್ದಾಗಲೂ ನಾನು ಅವಳನ್ನು ಕೆಲಸದ ಮಧ್ಯೆ ಕರೆದವಳಲ್ಲ. ಚಪ್ಪಲಿ ಹಿಡಿದುಕೊಂಡೇ ಹಿಂದಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬಿಸಿಲು ಹೋದ ಮೇಲೆ ಒಳಗೆ ಹೋದೆ. ದೊರೆ ಎದ್ದು ಬಂದು ಕಾಲಿಗೆ ಮೈ ಉಜ್ಜಿದ. ಇಡೀ ಮೈ ಹೂವಾಗಿತ್ತು. ಎಡಗಿವಿಯ ಹಿಂದೆ ಬೆರಳಿಟ್ಟೆ. ಒಂದು ಸಣ್ಣ ಗಂಟು. ಆಗ ಅಳು ಬಂತು. ನಾಳೆಯೂ ಬರುತ್ತಾಳೆ ಎಂದು ಗೊತ್ತಾಯಿತು.

ಆ ಸಂಜೆಯೇ ನೀನು ಫೋನ್ ಮಾಡಿದ್ದು. ಸುಳ್ಳು ಹೇಳದೆ ಇನ್ನೇನು ಹೇಳಲಿ? ನಾನು ನಿನ್ನ ಜೊತೆ ಬರುವುದಿಲ್ಲ, ಮನೆ ಬಿಡುವುದಿಲ್ಲ ಎಂದು ಹೇಳಬೇಕು ಅಂತಲೇ ಫೋನ್ ಎತ್ತಿದ್ದೆ. ಆಗಲೇ ನಿನ್ನ ಅತ್ತೆ ಕೆಮ್ಮಿದರು.

ನಿನ್ನೆಯೂ ಒಂದು ನಡೆಯಿತು. ಅದು ನನ್ನದು, ಅದನ್ನು ಬರೆಯುವುದಿಲ್ಲ.

ಇವತ್ತು ಎದ್ದಾಗಿನಿಂದ ದೊರೆ ಹಿಂದಿನ ಕೋಣೆಗೆ ಕಾಲಿಟ್ಟಿಲ್ಲ. ಬೆಳಿಗ್ಗೆ ಅವನ ಕಿವಿಯ ಹಿಂದೆ ಮುಟ್ಟಿ ನೋಡಿದೆ. ಗಂಟು ಇಲ್ಲ. ಬಲಗಿವಿ ನೋಡಿದೆ, ಕುತ್ತಿಗೆ ನೋಡಿದೆ, ಮೈಯೆಲ್ಲ ಸಾಲು ಸಾಲಾಗಿ ಬಿಡಿಸಿ ನೋಡಿದೆ. ಎಲ್ಲೂ ಒಂದು ಎಳೆಯೂ ಸಿಕ್ಕಾಗಿಲ್ಲ. ಪೂರ್ತಿ ಮುಗಿಸಿದ್ದಾಳೆ. ನಾಳೆಗೆ ಏನೂ ಉಳಿಸಿಲ್ಲ.

ಅಂಗಡಿಗೆ ಹೋದರೆ ಕೈ ಓಡಲಿಲ್ಲ. "ನೂಲು ಬಿಡಿಸು ಅಂದ್ರೆ ಗಂಟು ಹಾಕ್ತಿದೀಯಲ್ಲಮ್ಮ, ಹೋಗು ಮನೆಗೆ, ಮಲಕ್ಕೋ" ಅಂದರು ಯಜಮಾನರು. ಬಂದು ಹಿಂದಿನ ಕೋಣೆಯ ಬಾಗಿಲು ಎಳೆದು ಹೊರಗಿನಿಂದ ಅಗಳಿ ಹಾಕಿದೆ. ಕೂತು ಅತ್ತುಬಿಟ್ಟೆ. ಆಮೇಲೆ ಯೋಚಿಸಿದೆ. ಸಿಕ್ಕಿನಲ್ಲಿ ಅವನನ್ನು ಬಿಟ್ಟು ಹೋಗಲಾರದೆ ಬಂದಿದ್ದಳು, ಕೆಲಸ ಮುಗಿಸಿ ಹೋದಳು. ಇನ್ನು ಈ ಮನೆಯಲ್ಲಿ ನಾನು ಯಾರನ್ನು ಕಾಯಲಿ? ನೀನು ಹೇಳಿದ್ದೇ ಸರಿ. ಒಬ್ಬಳೇ ಇದ್ದು ಇದ್ದು ನಾನು ಗೋಡೆಯ ಹಾಗೆ ಆಗುತ್ತಿದ್ದೇನೆ. ಭಾನುವಾರ ಗಾಡಿ ತೆಗೆದುಕೊಂಡು ಬಾ. ನಾನು ಬರುತ್ತೇನೆ.

ಒಂದೇ ಒಂದು ಕೇಳುತ್ತೇನೆ. ದೊರೆಯನ್ನು ಗೋಡೌನಿಗೆ ಬಿಡುವುದು ಬೇಡ. ಬೋಳಿಸುವುದೂ ಬೇಡ. ಈಗ ಅವನಲ್ಲಿ ಬೋಳಿಸುವಂಥದ್ದು ಏನೂ ಇಲ್ಲ. ದಿನಾ ಬಾಚಿದರೆ ಕೂದಲು ಹಾರುವುದಿಲ್ಲ, ನಿನ್ನ ಅತ್ತೆಗೆ ಕೆಮ್ಮೂ ಬರುವುದಿಲ್ಲ. ನಾನು ಬಾಲ್ಕನಿಯಲ್ಲೇ ಕೂತು ಬಾಚುತ್ತೇನೆ, ಒಳಗೆ ತರುವುದಿಲ್ಲ. ಅವರಿಗೆ ಒಂದು ಸ್ವೆಟರ್ ಹೆಣೆದುಕೊಡುತ್ತೇನೆ ಎಂದೂ ಹೇಳು, ಬೆಕ್ಕಿನ ಕೂದಲಲ್ಲಿ ಅಲ್ಲ, ನೂಲಿನಲ್ಲೇ. ನಗುತ್ತಾರಾ?

ಇಷ್ಟು ಬರೆಯುವಷ್ಟರಲ್ಲಿ ನನಗೆ ಯಾಕೋ ಕಣ್ಣು ಎಳೆಯುತ್ತಿದೆ. ತಲೆ ಹಿಂದಕ್ಕೆ ಹಿಂದಕ್ಕೆ ವಾಲುತ್ತಿದೆ. ಒದ್ದೆ ಕೂದಲಿನ ಭಾರಕ್ಕೆ ಇರಬೇಕು. ಎರಡು ಸಲ ಪೆನ್ನು ಜಾರಿತು, ಮೇಲಿನ ಗೀಚು ಅದೇ. ದೊರೆ ಮುಂಬಾಗಿಲಿಗೆ ಮೈ ಒತ್ತಿಕೊಂಡು ಕೂತಿದ್ದಾನೆ, ಹೊರಗೆ ಬಿಡು ಅನ್ನುವ ಹಾಗೆ. ನನ್ನನ್ನೇ ನೋಡಿ ಗುರ್ ಅನ್ನುತ್ತಾನೆ. ನನ್ನನ್ನಲ್ಲ, ನನ್ನ ಭುಜದ ಹಿಂದೆ. ನನ್ನ ಬೆನ್ನಿಗೆ ಹಿಂದಿನ ಕೋಣೆಯ ಬಾಗಿಲು ಇದೆ, ಅದಕ್ಕೆ ಅಗಳಿ ಹಾಕಿದ್ದೇನೆ. ಅವನಿಗೂ ಬೇಜಾರಿರಬೇಕು, ಪಾಪ.

ಈ ಕಾಗದವನ್ನು ನಿಮ್ಮೂರಿಗೆ ಬರುವ ಅಂಗಡಿಯ ಪಾರ್ಸೆಲ್ಲಿನ ಜೊತೆ ಕಳಿಸುತ್ತೇನೆ. ಭಾನುವಾರಕ್ಕೆ ಮೊದಲು ಸೇರುತ್ತದೆ. ಮಗುವಿಗೆ ಮುತ್ತು. ಭಾವನವರಿಗೆ ನಮಸ್ಕಾರ ಹೇಳು.

ಗಾಡಿಯ ಸದ್ದಿಗೆ ಕಿವಿ ಕೊಟ್ಟು ಕೂತಿರುವ,
ನಿನ್ನ ಮೂಗಿ

ತಾ.ಕ. ಅಕ್ಕ, ಕಾಗದ ಮಡಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ನಿನ್ನೆಯದು ಬರೆಯುವುದಿಲ್ಲ ಅಂದಿದ್ದೆ. ಬರೆಯುತ್ತೇನೆ. ನಿನ್ನೆ ಮಧ್ಯಾಹ್ನ ದೊರೆಯದು ಮುಗಿದ ಮೇಲೆ ನಾನು ಆ ಬಿಸಿಲಿಗೆ ಬೆನ್ನು ಮಾಡಿ ಕೂತು, ಜಡೆ ಬಿಚ್ಚಿಕೊಂಡು, ಬಾಯಿ ಬಿಟ್ಟು ಹೇಳಿದೆ, "ಅಮ್ಮಾ, ಈಗ ನನ್ನ ಸರದಿ" ಎಂದು. ಎಷ್ಟೋ ಹೊತ್ತು ಕೂತೆ. ಯಾರೂ ಮುಟ್ಟಲಿಲ್ಲ. ನಾಚಿಕೆಯಾಗಿ ನಾನೇ ಜಡೆ ಹಾಕಿಕೊಂಡು ಎದ್ದೆ.

ಈಗ ತಲೆ ಒಣಗಿತಾ ಎಂದು ಕೈ ಹಾಕಿ ನೋಡಿದೆ. ನಾನು ಬಾಚಣಿಗೆ ಮುಟ್ಟಿಯೇ ಇಲ್ಲ, ಆದರೂ ಕೂದಲೆಲ್ಲ ಸಾಲು ಸಾಲಾಗಿ ಬಾಚಿ ಮಲಗಿಸಿದಂತಿದೆ. ನಡುವೆ ಒಂದು ಸಣ್ಣ ಏಣು. ಎಡಗಿವಿಯ ಹಿಂದೆ ಒಂದು ಗಂಟು, ಬೆರಳಲ್ಲಿ ಹೊಸೆದದ್ದು. ಕೋಣೆಯ ಬಾಗಿಲು ತೆರೆದಿದೆ.

ಗಂಟನ್ನು ನಾನು ಬಿಡಿಸಿಲ್ಲ. ಭಾನುವಾರ ಬಂದು ದೊರೆಯನ್ನು ಮಾತ್ರ ಕರೆದುಕೊಂಡು ಹೋಗು, ಅವನದು ಮುಗಿದಿದೆ. ನನಗೆಂದು ಗಾಡಿಯಲ್ಲಿ ಜಾಗ ಇಡಬೇಡ. ನಾಳೆ ಮಧ್ಯಾಹ್ನ ನಾನು ಮನೆಯಲ್ಲೇ ಇರಬೇಕು.